ಹೊಲ ಹೊಲವಾಗಿಯೇ ಉಳಿಯಲು ಒಂದು ಕರಾರು



ಪಟ್ಟಣ ಬೆಳೆದಂತೆ ಅಂಚಿನ ಹೊಲಗಳು ನಿವೇಶನಗಳಾಗುತ್ತವೆ. ಇದನ್ನು ತಡೆಯಲು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಮರೀನ್ ಕೌಂಟಿಯಲ್ಲಿ ಹೈನುಗಾರ ಮಹಿಳೆ ಎಲೆನ್ ಸ್ಟ್ರಾಸ್ ಮತ್ತು ಜೀವವಿಜ್ಞಾನಿ ಫಿಲಿಸ್ ಫೇಬರ್ 1980ರಲ್ಲಿ ಒಂದು ಭೂ ಟ್ರಸ್ಟ್ ಸ್ಥಾಪಿಸಿದರು.

ಟ್ರಸ್ಟ್ ಮಾಡಿಕೊಳ್ಳುವ ಸಂರಕ್ಷಣಾ ಕರಾರಿನಲ್ಲಿ ಜಮೀನು ರೈತನದಾಗಿಯೇ ಉಳಿಯುತ್ತದೆ. ಆತ ಸಾಗುವಳಿ ಮಾಡಬಹುದು, ದನ ಮೇಯಿಸಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ತುಂಡು ಮಾಡಿ ನಿವೇಶನವಾಗಿಸುವ ಹಕ್ಕನ್ನು ಮಾತ್ರ ಬಿಟ್ಟುಕೊಡುತ್ತಾನೆ. ಇದರಿಂದ ಜಮೀನಿನ ಬೆಲೆಯಲ್ಲಿ ಆಗುವ ಇಳಿಕೆಗೆ ಟ್ರಸ್ಟ್ ಹಣ ಕೊಡುತ್ತದೆ. ಆ ಹಣದಿಂದ ಸಾಲ ತೀರಿಸಬಹುದು. ಬೇಸಾಯ ಬಿಟ್ಟ ದಾಯಾದಿಗಳ ಪಾಲನ್ನೂ ಕೊಡಬಹುದು.

ಆದರೆ ನೋಂದಣಿಯಾದ ಕರಾರು ಶಾಶ್ವತ. ಮುಂದೆ ಕೊಳ್ಳುವವರಿಗೂ ಅನ್ವಯಿಸುತ್ತದೆ. ಆದುದರಿಂದ ಸಹಿಗೆ ಮುನ್ನ ಮಕ್ಕಳೊಡನೆ ಕುಳಿತು, ವಕೀಲರಿಂದ ಪ್ರತಿ ಷರತ್ತನ್ನೂ ತಿಳಿಯಬೇಕು. ಮುಂದೆ ಬೇಕಾಗುವ ಮನೆ, ಕೊಟ್ಟಿಗೆಗಳ ಜಾಗವನ್ನು ಮೊದಲೇ ಬರೆಸಿಕೊಳ್ಳಬೇಕು.