ಪಂಪಿನ ಎಂಜಿನು ಟಿಕ್‌ಟಿಕ್ ಎಂದರೆ

ಹೊನ್ನಾವರ ತಾಲೂಕಿನ ಕರ್ಕಿ ಮತ್ತು ಸುತ್ತಲಿನ ಊರುಗಳ ತೋಟಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತಿನ ನಾಲ್ಕು ಮಾತು. ಮಳೆಗಾಲದಲ್ಲಿ ನಮಗೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆದರೂ ಮಾಘ ಕಳೆಯಿತೆಂದರೆ ಅಡಿಕೆಗೆ ನಾಲ್ಕಾರು ದಿನಕ್ಕೊಮ್ಮೆ ನೀರು ಬೇಕೇ ಬೇಕು. ಕರೆಂಟಿನ ಪಂಪು ಬಂದಿದೆ, ನಿಜ. ಕರೆಂಟು ಕೈಕೊಟ್ಟ ದಿನ ಮೂಲೆಯ ಡೀಸೆಲ್ ಎಂಜಿನೇ ಗತಿ. ಆ ಎಂಜಿನು ಚಾಲೂ ಮಾಡಿ, ನೀರೆತ್ತುವ ಮೊದಲು ಬರಿದೆ ತಿರುಗಲು ಬಿಟ್ಟಾಗ, “ಎಂಥದೋ ಟಿಕ್ ಟಿಕ್ ಅಂತದೆ ಮಾರಾಯ್ರೆ, ಒಮ್ಮೆ ಇರ್ತದೆ, ಒಮ್ಮೆ ಇಲ್ಲ” ಎನ್ನುವವರು ಬಹಳ ಮಂದಿ. ಮೇಸ್ತ್ರಿ ಬಂದಾಗ ಸದ್ದು ಇರುವುದಿಲ್ಲ. ಅವನು ಹೋದ ಮೇಲೆ ಪುನಃ ಶುರು!

ಬಂದು ಹೋಗುವ ಸದ್ದನ್ನು ಹಿಡಿಯುವುದು ಹೇಗೆ? ಕರ್ಕಿ ಯಕ್ಷಗಾನ ಮೇಳಕ್ಕೆ ಹೆಸರಾದ ಊರು. ತಾಳ ತಪ್ಪಿದರೆ ರಂಗದ ಎದುರು ಚಾಪೆಯ ಮೇಲೆ ಕೂತ ಮುದುಕರಿಗೂ ಗೊತ್ತಾಗುತ್ತದೆ. ಎಂಜಿನಿಗೆ ಬೇಕಾದ ಕಿವಿಯೂ ಅದೇ.

ನಮ್ಮ ತೋಟಗಳಲ್ಲಿರುವುದು ಹೆಚ್ಚಾಗಿ ಒಂದೇ ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನು. ಇಂಗ್ಲೆಂಡಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ತಂದ ನಿಧಾನಗತಿಯ ಮಾದರಿ ನಿಮಿಷಕ್ಕೆ ಆರುನೂರು, ಆರುನೂರೈವತ್ತು ಸುತ್ತು ತಿರುಗುವಂಥದು. ಕಿರ್ಲೋಸ್ಕರರ ಐದು ಅಶ್ವಶಕ್ತಿಯ ಎಂಜಿನು ಸಾವಿರದ ಐನೂರು ಸುತ್ತಿನದು. ಯಾವುದೇ ಇರಲಿ, ಗಾಲಿ ಎರಡು ಸುತ್ತು ಬಂದಾಗ ಒಂದೊಂದು ವಾಲ್ವು ಒಮ್ಮೆ ಮಾತ್ರ ತೆರೆದು ಮುಚ್ಚುತ್ತದೆ. ಇದೊಂದನ್ನು ನೆನಪಿಟ್ಟುಕೊಳ್ಳಿ. ಎರಡು ಸುತ್ತಿಗೊಂದು ಟಿಕ್ ಬಂದರೆ ವಾಲ್ವು, ರಾಕರು, ಇಲ್ಲವೇ ಎಣ್ಣೆ ಚಿಮ್ಮಿಸುವ ಇಂಜೆಕ್ಟರಿನ ಕಡೆ ನೋಡಿ. ಪ್ರತಿ ಸುತ್ತಿಗೂ ಬಂದರೆ ಗಾಲಿ, ಅದರ ಬೆಣೆ, ಪಿಸ್ಟನ್ನಿನ ಪಿನ್ನು, ಬೇರಿಂಗು.

ಓಡುವ ಎಂಜಿನಿನಲ್ಲಿ ಸೆಕೆಂಡಿಗೆ ಹತ್ತು ಸುತ್ತು ಎಣಿಸುವವರು ಯಾರು? ಅದಕ್ಕೊಂದು ಉಪಾಯವಿದೆ. ಗಾಲಿಯ ಅಂಚಿಗೆ ಸುಣ್ಣದಲ್ಲಿ ಗೀಟು ಹಾಕಿ. ಎಂಜಿನು ಸ್ವಲ್ಪ ಹೊತ್ತು ಓಡಿದ ಮೇಲೆ ಎಣ್ಣೆ ನಿಲ್ಲಿಸಿ. ಭಾರದ ಗಾಲಿ ತನ್ನ ಓಟದಲ್ಲಿಯೇ ಇನ್ನಷ್ಟು ಸುತ್ತು ತಿರುಗಿ ನಿಧಾನವಾಗುತ್ತದೆ. ಆ ಕೊನೆಯ ಸುತ್ತುಗಳಲ್ಲಿ ಗೀಟು ಕಣ್ಣಿಗೆ ಕಾಣುತ್ತದೆ, ಟಿಕ್ಕೂ ಬಿಡಿಬಿಡಿಯಾಗಿ ಕೇಳುತ್ತದೆ. ಆಗ ಡಿಕಂಪ್ರೆಶನ್ ಲಿವರ್ ಎತ್ತಬೇಡಿ. ಅದು ವಾಲ್ವನ್ನೇ ಎತ್ತಿ ಹಿಡಿಯುವುದರಿಂದ ಲೆಕ್ಕ ತಪ್ಪುತ್ತದೆ. ಈ ಪರೀಕ್ಷೆಯಿಂದ ಇನ್ನೊಂದು ಲಾಭವೂ ಉಂಟು. ಎಣ್ಣೆ ನಿಂತ ಕೂಡಲೇ ಸದ್ದೂ ನಿಂತಿತೋ, ಅದು ಎಣ್ಣೆ ಉರಿಯುವ ಹೊಡೆತಕ್ಕೆ ಸೇರಿದ್ದು. ಇಂಜೆಕ್ಟರಿನ ಮೂತಿ ಕೊಳೆಯಾಗಿರಬಹುದು, ಹೊಗೆಯೂ ಕಪ್ಪಾಗಿರಬಹುದು. ಎಣ್ಣೆ ನಿಂತರೂ ಟಿಕ್ ಮುಂದುವರಿಯಿತೋ, ಅದು ಲೋಹಕ್ಕೆ ಲೋಹ ತಾಗುವ ಸದ್ದು.

ಇಷ್ಟೆಲ್ಲ ಮಾಡುವ ಮೊದಲು ಎರಡು ಕೆಲಸ. ಒಂದು, ಎಣ್ಣೆಯ ಕಡ್ಡಿ ತೆಗೆದು ಕ್ರ್ಯಾಂಕ್‌ಕೇಸಿನ ಎಣ್ಣೆ ನೋಡಿ. ಎರಡು, ಬೆಲ್ಟು ಕಳಚಿ. ನಗಬೇಡಿ! ಬೆಲ್ಟಿನ ಎರಡು ತುದಿ ಕೂಡಿಸಿದ ಕ್ಲಿಪ್ಪು ಸಡಿಲವಾದರೆ, ಅದು ಎಂಜಿನಿನ ಪುಲ್ಲಿಯ ಮೇಲೆ ಬಂದಾಗ ಒಂದು ಟಿಕ್, ಪಂಪಿನ ಪುಲ್ಲಿಯ ಮೇಲೆ ಬಂದಾಗ ಇನ್ನೊಂದು ಟಿಕ್. ಎರಡರ ನಡುವಿನ ಅಂತರ ಸಮ ಇರುವುದಿಲ್ಲ, ಗಾಲಿಯ ಲೆಕ್ಕಕ್ಕೂ ಸಿಗುವುದಿಲ್ಲ. ಇದೊಂದು ಕ್ಲಿಪ್ಪಿಗಾಗಿ ಎಂಜಿನಿನ ಹೆಡ್ಡು ಬಿಚ್ಚಿಸಿ ಖರ್ಚು ಮಾಡಿಕೊಂಡವರು ಉಂಟು.

ಇನ್ನು ಜಾಗ ಹುಡುಕುವುದು. 1816ರಲ್ಲಿ ಲೆನೆಕ್ ಎಂಬ ಫ್ರೆಂಚ್ ವೈದ್ಯ ರೋಗಿಯ ಎದೆಯ ಸದ್ದು ಕೇಳಲು ಕಾಗದ ಸುತ್ತಿ ನಳಿಕೆ ಮಾಡಿದ. ಆಮೇಲೆ ಅದನ್ನು ಮರದಲ್ಲಿ ಮಾಡಿಸಿದ. ನಮಗೂ ಒಂದು ಮೊಳದ ಗಟ್ಟಿ ಮರದ ಕೋಲು ಸಾಕು. ಒಂದು ತುದಿ ಕಿವಿಯ ಮುಂದಿನ ಎಲುಬಿಗೆ, ಇನ್ನೊಂದು ತುದಿ ರಾಕರಿನ ಮುಚ್ಚಳಕ್ಕೆ, ಸಿಲಿಂಡರಿಗೆ, ಬೇರಿಂಗಿನ ಮನೆಗೆ ಸರದಿಯಂತೆ ಒತ್ತಿ. ಸದ್ದು ಎಲ್ಲಿ ಚುರುಕಾಗಿ ಕೇಳುತ್ತದೋ ದೋಷ ಅದರ ಸಮೀಪ. ಹೊಗೆ ಕೊಳವೆಯ ಸಂದಿಗೆ ಮಾತ್ರ ಕೋಲು ಪ್ರಯೋಜನವಿಲ್ಲ. ಅಲ್ಲಿ ರಬ್ಬರಿನ ಪೈಪು ಹಿಡಿದು ಇನ್ನೊಂದು ತುದಿಯಲ್ಲಿ ಕೇಳಬೇಕು. ಗ್ಯಾಸ್ಕೆಟ್ ಒಡೆದಿದ್ದರೆ ತಣ್ಣಗಿರುವಾಗ ಟಿಕ್ ಎಂದೇ ಕೇಳುತ್ತದೆ. ಕಾದು ಕಬ್ಬಿಣ ಹಿಗ್ಗಿತೆಂದರೆ ಸಂದಿ ಮುಚ್ಚಿ ಸದ್ದು ಮಾಯ. ಮಸಿಯ ಗುರುತು ಮಾತ್ರ ಅಲ್ಲೇ ಉಳಿಯುತ್ತದೆ.

ಕೋಲು ಹಿಡಿದು ಬಗ್ಗುವವರಿಗೆ ಒಂದು ಮಾತು. ಪಂಚೆ ಎತ್ತಿ ಬಿಗಿಯಾಗಿ ಕಟ್ಟಿ, ಹೆಗಲ ಮೇಲಿನ ಟವೆಲು ಮನೆಯಲ್ಲಿರಲಿ. ಗಾಲಿಯ ಬೆಣೆಯ ತಲೆ ಹೊರಗೆ ಚಾಚಿಕೊಂಡಿರುತ್ತದೆ. ಬಟ್ಟೆ ಅದಕ್ಕೆ ಸಿಕ್ಕಿದರೆ ಮನುಷ್ಯನನ್ನೂ ಎಳೆದುಕೊಳ್ಳುತ್ತದೆ. ಇಂಜೆಕ್ಟರಿನ ಪೈಪು ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಲೇಬಾರದು. ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಇಲ್ಲವಾದರೆ ಬೆರಳೇ ಹೋದೀತು.

ಟಿಕ್ ರಾಕರಿನ ಮುಚ್ಚಳದ ಕೆಳಗೇ ಇದೆಯೆನ್ನಿ. ಸಾಮಾನ್ಯ ಕಾರಣ ಟ್ಯಾಪೆಟ್ಟಿನ ಸಂದಿ ಅಗಲವಾದದ್ದು. ಎಂಜಿನು ಪೂರ್ತಿ ತಣ್ಣಗಾಗಲಿ. ಪಿಸ್ಟನ್ನು ಒತ್ತಡದ ಹೊಡೆತದ ತುದಿಗೆ ಬರುವಂತೆ ಗಾಲಿ ತಿರುಗಿಸಿ. ಆಗ ಎರಡೂ ಪುಶ್‌ರಾಡುಗಳು ಬೆರಳಿಗೆ ಸಲೀಸಾಗಿ ತಿರುಗುತ್ತವೆ. ಕಂಪನಿಯ ಪುಸ್ತಕದಲ್ಲಿ ಹೇಳಿದ ದಪ್ಪದ ಫೀಲರ್ ಗೇಜಿನ ಎಲೆ ರಾಕರಿಗೂ ವಾಲ್ವಿಗೂ ನಡುವೆ ತೂರಿ ಬಿಗಿಮಾಡಿ. ಲಾಕ್‌ನಟ್ಟು ಬಿಗಿದ ಮೇಲೆ ಪುನಃ ಅಳೆಯಿರಿ, ಬಿಗಿಯುವಾಗ ಅಳತೆ ಸರಿಯುತ್ತದೆ. ಅಳತೆ ಸರಿಯಿದ್ದೂ ಸದ್ದು ಹೋಗದಿದ್ದರೆ ರಾಕರಿನ ತುದಿ ಸವೆದು ಗುಳಿ ಬಿದ್ದಿರಬಹುದು. ಚಪ್ಪಟೆ ಎಲೆ ಗುಳಿಯ ಮೇಲೆ ಸೇತುವೆಯಂತೆ ಮಲಗುವುದರಿಂದ ನಿಜವಾದ ಸಂದಿ ಲೆಕ್ಕಕ್ಕೆ ಬರುವುದಿಲ್ಲ.

ಸದ್ದು ಬೇಡವೆಂದು ಸಂದಿಯನ್ನೇ ಮುಚ್ಚಿಬಿಡುವವರಿದ್ದಾರೆ. ಇದು ಕೆಟ್ಟ ಪದ್ಧತಿ. ವಾಲ್ವು ಕಾದು ಉದ್ದವಾದಾಗ ಪೂರ್ತಿ ಕೂರದೆ ಅದರ ಅಂಚು ಸುಟ್ಟುಹೋಗುತ್ತದೆ. ಸಣ್ಣಗೆ ಟಿಕ್ ಎನ್ನುವ ಎಂಜಿನು ವರ್ಷಗಟ್ಟಲೆ ನಡೆದೀತು. ಟ್ಯಾಪೆಟ್ಟು ಬಿಗಿಯಾಗಿ ಸುಮ್ಮನಾದದ್ದು ಬೇಸಿಗೆ ದಾಟುವುದು ಕಷ್ಟ.

ಮಳೆಗಾಲವಿಡೀ ಸುಮ್ಮನಿದ್ದ ಎಂಜಿನನ್ನು ಚಳಿಗಾಲದಲ್ಲಿ ಚಾಲೂ ಮಾಡಿದಾಗ ಬರುವ ಟಿಕ್ಕಿಗೆ ನಮ್ಮ ಉಪ್ಪುಗಾಳಿಯೇ ಕಾರಣವಿರಬಹುದು. ವಾಲ್ವಿನ ಕಾಂಡಕ್ಕೆ ತುಕ್ಕು, ಮಸಿ ಹಿಡಿದು ಅದು ಒಮ್ಮೊಮ್ಮೆ ತಡವಾಗಿ ಮರಳುತ್ತದೆ. ಇದೂ ಬಂದು ಹೋಗುವ ಸದ್ದೇ. ಕಾಂಡಕ್ಕೆ ತೆಳು ಎಣ್ಣೆ ಬಿಟ್ಟು ನೋಡಿ. ಸದ್ದು ಕೇಳಲೆಂದು ಗಂಟೆಗಟ್ಟಲೆ ಬರಿದೆ ಓಡಿಸಬೇಡಿ, ಅದರಿಂದ ಮಸಿ ಇನ್ನೂ ಹೆಚ್ಚುತ್ತದೆ.

ನನಗೆ ಹೆಚ್ಚು ಹೆದರಿಕೆಯಿರುವುದು ಗಾಲಿಯ ಬೆಣೆಯ ಬಗ್ಗೆ. ಬರಿದೆ ತಿರುಗುವಾಗ ಓಟ ಎಳೆದೆಳೆದು ಆಗುವುದರಿಂದ ಸಡಿಲ ಬೆಣೆ ಟಕ್ ಎನ್ನುತ್ತದೆ. ಪಂಪಿನ ಹೊರೆ ಬಿದ್ದು ಒಂದೇ ಕಡೆ ಒತ್ತಿದಾಗ ಸುಮ್ಮನಾಗುತ್ತದೆ. “ನೀರೆತ್ತುವಾಗ ಸದ್ದಿಲ್ಲ, ಹಾಗಾಗಿ ಚಿಂತೆಯಿಲ್ಲ” ಎಂದು ತೋಟಿಗ ಬಿಟ್ಟುಬಿಡುತ್ತಾನೆ. ಒಳಗೆ ಶಾಫ್ಟಿನ ಕಚ್ಚು ಸವೆಯುತ್ತಾ ಹೋಗುತ್ತದೆ. ಒಂದು ದಿನ ಗಾಲಿ ಕಳಚಿತೆಂದರೆ ಕೊಟ್ಟಿಗೆಯ ಗೋಡೆಯೂ ಅದಕ್ಕೆ ತಡೆಯಲ್ಲ. ಎಂಜಿನು ನಿಲ್ಲಿಸಿ, ಎಣ್ಣೆ ಬಂದು ಮಾಡಿ, ಗಾಲಿಯ ಅಂಚು ಹಿಡಿದು ಆಚೆ ಈಚೆ ಅಲುಗಿಸಿ. ಶಾಫ್ಟು ಅಲುಗುವ ಮೊದಲು ಗಾಲಿ ಕೂದಲೆಳೆಯಷ್ಟು ಸರಿದರೂ, ಬೆಣೆಯ ಬುಡದಲ್ಲಿ ಕೆಂಪು ತುಕ್ಕಿನ ಹುಡಿ ಕಂಡರೂ, ಆ ದಿನ ಎಂಜಿನು ಓಡಿಸಬೇಡಿ. ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಕೊಟ್ಟು ಬಿಡುವುದೂ ಸರಿಯಲ್ಲ. ಕಚ್ಚು ಸವೆದಿದೆಯೇ ಎಂದು ನೋಡಿ ಹೊಸ ಬೆಣೆ ಕೂರಿಸುವುದು ಬಲ್ಲವರ ಕೆಲಸ.

ಹೊರೆ ಹಾಕಿದಾಗ ಟಿಕ್ ಹೋಗಿ ಧಡ್ ಧಡ್ ಎಂಬ ಮಂಕು ಸದ್ದಾದರೆ ದೊಡ್ಡ ಬೇರಿಂಗಿನ ಮೇಲೆ ಸಂಶಯಪಟ್ಟು ಕೂಡಲೇ ನಿಲ್ಲಿಸಿ. ಮೇಸ್ತ್ರಿಗೆ ಹೇಳಿಕಳಿಸುವಾಗ “ಸದ್ದು ಬತ್ತದೆ” ಎಂದಷ್ಟೇ ಹೇಳದೆ, ತಣ್ಣಗಿದ್ದಾಗಲೋ ಕಾದಾಗಲೋ, ಎಷ್ಟು ಸುತ್ತಿಗೆ ಒಂದೋ, ಎಣ್ಣೆ ನಿಲ್ಲಿಸಿದಾಗ ಏನಾಯಿತೋ, ಬೆಲ್ಟು ಕಳಚಿದಾಗ ಏನಾಯಿತೋ ಚೀಟಿಯಲ್ಲಿ ಬರೆದು ಕಳಿಸಿ. ಅವನು ಬಂದಾಗ ಸದ್ದು ಅಡಗಿ ಕೂತರೂ ಚೀಟಿ ಇರುತ್ತದಲ್ಲ. ಫೀಲರ್ ಗೇಜಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡಿ. ತುಕ್ಕು ಹಿಡಿದ ಎಲೆ ಸರಿಯಾದ ಅಳತೆ ತೋರಿಸದು.