ಹಳೆಯ ಕ್ಯಾಮೆರಾ ಕಲಿಸಿದ ಲೆಕ್ಕ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 1978ರ ಎಸ್ಸೆಸ್ಸೆಲ್ಸಿ ತಂಡದವನು. ಡಾಕ್ಟರು, ಇಂಜಿನಿಯರು ಆದವರೆಲ್ಲ ಮಾತಾಡಿದ ಮೇಲೆ ಫೋಟೊ ಸ್ಟುಡಿಯೊ ಇಟ್ಟವನನ್ನು ಕರೆದಿದ್ದೀರಿ. ದೊಡ್ಡ ಸಾಧನೆ ಹೇಳಿಕೊಳ್ಳಲು ನನ್ನ ಹತ್ತಿರ ಇಲ್ಲ. ಅದಕ್ಕೇ ಈ ಕ್ಯಾಮೆರಾವನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ಇದರ ಮೂಲಕ ಈ ಶಾಲೆಗೆ ನಾನು ಹೊತ್ತಿರುವ ಎರಡು ಋಣದ ವಿಷಯ ಹೇಳಿ ಇಳಿಯುತ್ತೇನೆ.

ಇದು ಯಾಶಿಕಾ ಎ. ಜಪಾನಿನದು. ಒಂದರ ಮೇಲೊಂದು ಎರಡು ಲೆನ್ಸು ಇದೆ ನೋಡಿ. ಮೇಲಿನದು ನಾವು ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಹೊಟ್ಟೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಶಿವಮೊಗ್ಗದ ಒಂದು ಸ್ಟುಡಿಯೊದವರು ಹೊಸದು ಕೊಂಡಾಗ 1983ರಲ್ಲಿ ನನಗೆ ಮಾರಿದರು. ಆ ದಿನ ನನ್ನ ಹತ್ತಿರ ಇದ್ದದ್ದು ಇದೊಂದೇ ಕ್ಯಾಮೆರಾ.

ಇದಕ್ಕೆ ಹಾಕುವುದು 120 ಎಂಬ ಫಿಲ್ಮು. 1901ರಲ್ಲಿ ಕೊಡಕ್ ಕಂಪನಿ ತನ್ನ ಬ್ರೌನಿ ಕ್ಯಾಮೆರಾಕ್ಕಾಗಿ ತಂದ ಅಳತೆ ಅದು. ನಮ್ಮ ಕಡೆ ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೋಲು ಬರುತ್ತಿತ್ತು. ಒಂದು ರೋಲಿಗೆ 12 ಚಿತ್ರ, ಪ್ರತಿಯೊಂದೂ 6 ಸೆಂಟಿಮೀಟರ್ ಚೌಕ. ಮದುವೆಯ ಫೋಟೊಗೆ ಅದು ಚೆನ್ನ. ಆದರೆ ಬಸ್ ಪಾಸಿಗೆ ಬೇಕಾದದ್ದು ಹೆಬ್ಬೆಟ್ಟಿನಷ್ಟು ಮುಖ. ಅದಕ್ಕೆ ಅಷ್ಟಗಲದ ಫಿಲ್ಮು ಖರ್ಚು ಮಾಡಿದರೆ ನಾನು ಕೇಳಬೇಕಾದ ದುಡ್ಡನ್ನು ಇಲ್ಲಿನ ಮಕ್ಕಳ ಮನೆಯವರು ಕೊಡುವ ಹಾಗಿರಲಿಲ್ಲ. ಜೂನ್ ಬಂತೆಂದರೆ ಸುತ್ತಲ ಹಳ್ಳಿಗಳ ಮಕ್ಕಳು ಅಂಗಡಿಯ ಮುಂದೆ ನಿಂತು, ದರ ಕೇಳಿ, ಹಾಗೇ ಹೋಗುತ್ತಿದ್ದರು.

ಸಿನೆಮಾದ 35 ಮಿಲಿಮೀಟರ್ ಅಗಲದ ಫಿಲ್ಮು ನೂರು ಅಡಿಯ ತಗಡಿನ ಡಬ್ಬಿಯಲ್ಲಿ ಬೆಂಗಳೂರಿನಲ್ಲಿ ಸಿಗುತ್ತಿತ್ತು. ಕತ್ತಲೆಯಲ್ಲಿ ಬೇಕಾದಷ್ಟು ಉದ್ದ ಕತ್ತರಿಸಿ, ಖಾಲಿ ಕ್ಯಾಸೆಟ್ಟಿಗೆ ಸುತ್ತಿಕೊಂಡರೆ ಬಿಡಿ ರೋಲಿಗಿಂತ ಬಹಳ ಅಗ್ಗ. ಆದರೆ ಅದಕ್ಕೆ ಬೇರೆ ಕ್ಯಾಮೆರಾ ಬೇಕು, ಅದು ನನ್ನ ಹತ್ತಿರ ಇಲ್ಲ. ಹಾಗಾದರೆ ಇದಕ್ಕೇ ಆ ಫಿಲ್ಮು ಹಾಕಿದರೇನು?

ಇದು ಬಡವನ ಕಿತಾಪತಿ ಮಾತ್ರ ಎಂದುಕೊಳ್ಳಬೇಡಿ. ರೋಲೈಫ್ಲೆಕ್ಸ್ ಕ್ಯಾಮೆರಾಕ್ಕೆ ಕಂಪನಿಯವರೇ ರೋಲೈಕಿನ್ ಎಂಬ ಜೋಡಣೆ ಮಾಡಿದ್ದರು. ಯಾಶಿಕಾದವರ 635 ಮಾದರಿಗೂ ಅಂಥ ಸಾಮಾನು ಬರುತ್ತಿತ್ತು. 1925ರಲ್ಲಿ ಮಾರಾಟಕ್ಕೆ ಬಂದ ಲೈಕಾ ಕ್ಯಾಮೆರಾ ಹುಟ್ಟಿದ್ದೇ ಸಿನೆಮಾ ಫಿಲ್ಮನ್ನು ಫೋಟೊಗೆ ಬಳಸಿದ್ದರಿಂದ. ಚಂದ್ರನ ಮೇಲೆ ಕಾಲಿಟ್ಟವರ ಹ್ಯಾಸೆಲ್‌ಬ್ಲಾಡ್ ಕೂಡ ಮೂಲತಃ 12 ಚಿತ್ರದ ಕ್ಯಾಮೆರಾ. ಕೈಗೆ ದಪ್ಪ ಗವಸು ತೊಟ್ಟವರು ಹನ್ನೆರಡಕ್ಕೊಮ್ಮೆ ರೋಲು ಬದಲಿಸುವುದು ಹೇಗೆ? ಅದಕ್ಕೆ 70 ಮಿಲಿಮೀಟರಿನ ತೆಳು ಫಿಲ್ಮಿನ ಉದ್ದ ಸುರುಳಿ ಹಾಕುವ ಪೆಟ್ಟಿಗೆ ಮಾಡಿದರು. ವಾಪಸು ಬರುವಾಗ ಭಾರ ಕಡಿಮೆ ಮಾಡಲು ಕ್ಯಾಮೆರಾವನ್ನು ಚಂದ್ರನ ಮೇಲೇ ಬಿಟ್ಟು ಫಿಲ್ಮಿನ ಪೆಟ್ಟಿಗೆ ಮಾತ್ರ ತಂದರು. ಕ್ಯಾಮೆರಾ ಹೋದರೂ ಫಿಲ್ಮು ಉಳಿಯಬೇಕು ಎಂಬುದು ನನ್ನ ಕಸುಬಿನ ಮೊದಲ ಪಾಠ.

ನನ್ನ ಯಾಶಿಕಾ ಎ ಕ್ಯಾಮೆರಾಕ್ಕೆ ಅಂಥ ಸಾಮಾನು ಯಾವುದೂ ಇರಲಿಲ್ಲ. ಕ್ಯಾಸೆಟ್ಟು ಇಟ್ಟು ನೋಡಿದೆ. ದಪ್ಪ ಸರಿಹೋಯಿತು, ಉದ್ದ ಸಾಲಲಿಲ್ಲ. ಎರಡೂ ಕಡೆ ಸಂದು. ಪೇಟೆಯಲ್ಲಿ ಲೇತ್ ಇಟ್ಟುಕೊಂಡಿದ್ದ ಆಚಾರರ ಹತ್ತಿರ ಹೋಗಿ ಎರಡು ಮರದ ಬುಷ್ ಕೇಳಿದೆ. “ಏನು ಮಾರಾಯ, ಮಗುವಿನ ಆಟದ ಗಾಡಿಗಾ?” ಎಂದರು. ಫಿಲ್ಮು ಸುತ್ತಿಕೊಳ್ಳುವ ಕಡೆಯೂ ಕೆಲಸವಿತ್ತು. ಖಾಲಿ 120 ಸ್ಪೂಲಿನ ಅಗಲ ಸುಮಾರು 62 ಮಿಲಿಮೀಟರು, ನನ್ನ ಫಿಲ್ಮು 35. ಹಾಗೇ ಬಿಟ್ಟರೆ ಅತ್ತಿತ್ತ ಸರಿದು ಓರೆಯಾಗುತ್ತದೆ. ಎರಡು ಬದಿಗೂ ಹದಿಮೂರೂವರೆ ಮಿಲಿಮೀಟರಿನ ಮರದ ಉಂಗುರ ಸೀಳಿ ಅಂಟಿಸಿ, ಫಿಲ್ಮು ನಡುವೆಯೇ ಕೂರುವ ಹಾಗೆ ಮಾಡಿದೆವು.

ಮೂರನೆಯದು ಚೌಕಟ್ಟು. ದೊಡ್ಡ ಫಿಲ್ಮಿಗಾಗಿ ಮಾಡಿದ ಕಂಡಿಯಲ್ಲಿ ಸಣ್ಣ ಫಿಲ್ಮಿಗೆ ಒರಗಲು ಅಂಚಿಲ್ಲ, ಒಳಕ್ಕೆ ಬಾಗುತ್ತದೆ. ಕೂದಲೆಳೆಯಷ್ಟು ಬಾಗಿದರೂ ಮುಖ ಮಸುಕು. ಬಿಸ್ಕತ್ತು ಡಬ್ಬಿಯ ತಗಡಿನಲ್ಲಿ 24ಕ್ಕೆ 36 ಮಿಲಿಮೀಟರಿನ ಕಂಡಿ ಕೊರೆದು, ಕ್ಯಾಮೆರಾದ ಅಂಚಿನ ಮೇಲೆ ಕೂರಿಸದೆ ಒಳಗೆ ಇಳಿಸಿ, ಮಟ್ಟ ಸಮ ಮಾಡಿದೆ. ಕಂಡಿಯ ಮೇಲೆ ಬೆಣ್ಣೆ ಕಾಗದ ಹಚ್ಚಿ, ಶಟರ್ ತೆರೆದಿಟ್ಟು, ಮೇಲಿನ ಗಾಜಿನಲ್ಲಿ ಸ್ಪಷ್ಟವಾಗಿರುವುದು ಕೆಳಗೂ ಸ್ಪಷ್ಟವಿದೆಯೇ ಎಂದು ನೋಡಿದೆ. ತಗಡು ಹೊಳೆಯಬಾರದಲ್ಲ. ಅದಕ್ಕೆ ಬಳಿದದ್ದು ಈ ಶಾಲೆಯ ಕಪ್ಪು ಹಲಗೆಗೆ ಬಳಿದು ಉಳಿದಿದ್ದ ಬಣ್ಣ. ಜವಾನರು ಒಂದು ಲೋಟ ಕೊಟ್ಟಿದ್ದರು.

ಈ ಕ್ಯಾಮೆರಾದಲ್ಲಿ ಫಿಲ್ಮು ಕೆಳಗಿನಿಂದ ಮೇಲಕ್ಕೆ ಓಡುತ್ತದೆ. ಹಾಗಾಗಿ ಚಿತ್ರ ತಾನಾಗಿಯೇ ಉದ್ದುದ್ದ ನಿಲ್ಲುತ್ತದೆ, ಪಾಸಿನ ಫೋಟೊಗೆ ಹೇಳಿ ಮಾಡಿಸಿದ ಹಾಗೆ.

ಉಳಿದದ್ದು ಎಣಿಕೆ. 120 ಫಿಲ್ಮಿನ ಹಿಂದೆ ಕಪ್ಪು ಕಾಗದವಿದ್ದು, ಅದರ ಮೇಲೆ ಅಂಕಿ ಇರುತ್ತದೆ. ಕ್ಯಾಮೆರಾದ ಬೆನ್ನಿನ ಈ ಕೆಂಪು ಕಿಟಕಿಯಲ್ಲಿ ಅಂಕಿ ನೋಡಿ ನಾಬು ತಿರುಗಿಸಿದರೆ ಆಯಿತು. ಸಿನೆಮಾ ಫಿಲ್ಮಿಗೆ ಕಾಗದವೂ ಇಲ್ಲ, ಅಂಕಿಯೂ ಇಲ್ಲ. ನಾನು ಒಂದು ಚಿತ್ರಕ್ಕೆ ನಾಬಿನ ಒಂದು ಪೂರ್ತಿ ಸುತ್ತು ಎಂದಿಟ್ಟುಕೊಂಡೆ. ತೊಳೆದು ನೋಡಿದರೆ ಶುರುವಿನ ಚಿತ್ರಗಳು ಒತ್ತಾಗಿವೆ, ಬರಬರುತ್ತ ನಡುವೆ ಎರಡು ಬೆರಳು ಹಿಡಿಸುವಷ್ಟು ಖಾಲಿ ಜಾಗ. ಒಟ್ಟು 28 ಚಿತ್ರ.

ಪಟ್ಟಿಯನ್ನು ಹಿಡಿದುಕೊಂಡು ನಮ್ಮ ಗಣಿತದ ಮೇಷ್ಟ್ರ ಮನೆಗೆ ಹೋದೆ. ನಮ್ಮ ಕಾಲದವರಿಗೆಲ್ಲ ಅವರು ಯಾರೆಂದು ಗೊತ್ತು. ಬೆಳಕಿಗೆ ಹಿಡಿದು ನೋಡಿ ನಕ್ಕರು. “ಏನೋ, ಪರಿಧಿಯ ಪಾಠ ಮಾಡುವಾಗ ಕಿಟಕಿಯಿಂದಾಚೆ ನೋಡ್ತಿದ್ದೆ. ಈಗ ಬಂದೆಯಾ?” ಎಂದರು. ಹಳೇ ಉತ್ತರ ಪತ್ರಿಕೆಯ ಹಿಂದೆ ಬರೆದು ತೋರಿಸಿದರು. ಖಾಲಿ ಸ್ಪೂಲಿನ ವ್ಯಾಸ 12 ಮಿಲಿಮೀಟರು. 22/7ರಿಂದ ಗುಣಿಸಿದರೆ ಒಂದು ಸುತ್ತಿಗೆ ಸುಮಾರು 38 ಮಿಲಿಮೀಟರು, ಅಂದರೆ ಒಂದು ಚಿತ್ರ ಮತ್ತು ಚೂರು ಸಂದು. ಆದರೆ ಫಿಲ್ಮು ಸುತ್ತಿದ ಹಾಗೆ ಸುರುಳಿ ದಪ್ಪವಾಗುತ್ತದೆ. ಕೊನೆಗೆ ವ್ಯಾಸ 20 ಆದರೆ ಅದೇ ಒಂದು ಸುತ್ತು 63 ಮಿಲಿಮೀಟರು ಎಳೆಯುತ್ತದೆ. “ನೀನು ತಿರುಗಿಸುವುದು ಅಷ್ಟೇ, ಅದು ತಿನ್ನುವುದು ಹೆಚ್ಚು,” ಎಂದರು.

ನಾಬಿನ ಸುತ್ತ ಎಂಟು ಗುರುತು ಹಾಕಿಸಿ ಒಂದು ಕೋಷ್ಟಕ ಬರೆದುಕೊಟ್ಟರು. ಮೊದಲ 8 ಚಿತ್ರಕ್ಕೆ ಎಂಟು ಗುರುತು, ಮುಂದಿನ 10ಕ್ಕೆ ಏಳು, ಆಮೇಲಿನ 9ಕ್ಕೆ ಆರು, ಉಳಿದವಕ್ಕೆಲ್ಲ ಐದು. ಅದೇ ಉದ್ದದ ಫಿಲ್ಮಿನಲ್ಲಿ 34 ಚಿತ್ರ ಬಂದವು. ನನ್ನ ಕತ್ತಲೆ ಕೋಣೆಯ ಗೋಡೆಗೆ ಐದು ಅಡಿ ಐದು ಇಂಚು ಅಂತರದಲ್ಲಿ ಎರಡು ಮೊಳೆ ಹೊಡೆದಿದ್ದೆ. ಆ ಅಳತೆಗೆ ಕತ್ತರಿಸಿದರೆ ಒಂದು ಡಬ್ಬಿಗೆ 18 ರೋಲು. ರೋಲಿಗೆ ಆರು ಚಿತ್ರ ಹೆಚ್ಚೆಂದರೆ ಡಬ್ಬಿಗೆ 108. “ನೂರೆಂಟು! ಶುಭ ಸಂಖ್ಯೆ, ಹೋಗು,” ಎಂದು ಕಳಿಸಿದರು. ಇದು ಮೊದಲನೆಯ ಋಣ. ಆ ಕೋಷ್ಟಕ ಇವತ್ತಿಗೂ ಈ ಚರ್ಮದ ಕವರಿನ ಒಳಗೆ ಅಂಟಿಕೊಂಡಿದೆ.

ಎರಡನೆಯದನ್ನು ಹೇಳುವುದು ಕಷ್ಟ.

1986ರ ಜೂನ್. ಮಳೆ ಹಿಡಿದಿತ್ತು. ಅಂಗಡಿಯೊಳಗೆ ಮಬ್ಬು ಬೆಳಕಿನಲ್ಲಿ ಎರಡು ರೋಲು ಪರೀಕ್ಷೆ ಮಾಡಿದ್ದೆ, ಚೆನ್ನಾಗಿ ಬಂದಿದ್ದವು. ದರ ಅರ್ಧಕ್ಕೂ ಕಡಿಮೆ ಎಂದು ಹೇಳಿದ್ದರಿಂದ ಹೆಡ್ಮಾಸ್ಟರು ಶಾಲೆಗೇ ಬಂದು ಎಲ್ಲರ ಪಾಸ್ ಫೋಟೊ ತೆಗೆಯಲು ಒಪ್ಪಿಸಿದರು. ಆ ದಿನ ಮಳೆ ಬಿಟ್ಟು ಬಿಸಿಲು ಬಿತ್ತು. ನನಗೆ ಖುಷಿ. ಮಕ್ಕಳ ಮುಖಕ್ಕೆ ಬೆಳಕು ಬರಲಿ ಎಂದು ಸೂರ್ಯನಿಗೆ ಬೆನ್ನು ಮಾಡಿ ನಿಂತೆ. ನನ್ನ ಭುಜದ ಪಕ್ಕದಿಂದ ಇಳಿದ ಬಿಸಿಲು ಕ್ಯಾಮೆರಾದ ಬೆನ್ನಿಗೂ ಬೀಳುತ್ತಿದೆ ಎಂಬ ಯೋಚನೆಯೇ ಬರಲಿಲ್ಲ.

ರಾತ್ರಿ ತೊಳೆದೆ. 34 ಮುಖ, ಪ್ರತಿಯೊಂದರ ಮೇಲೂ ಒಂದು ಗುಂಡು ಕರಿ ಮಚ್ಚೆ. ಪ್ರಿಂಟು ಹಾಕಿದರೆ ಬಿಳಿ ಮಚ್ಚೆ. ಒಬ್ಬರ ಹಣೆ ಇಲ್ಲ, ಒಬ್ಬರ ಕೆನ್ನೆ ಇಲ್ಲ.

ಕಾರಣ ಈ ಕೆಂಪು ಕಿಟಕಿ. ಹಿಂದಿನ ಕಾಲದ ಫಿಲ್ಮಿಗೆ ಕೆಂಪು ಬೆಳಕು ತಟ್ಟುತ್ತಿರಲಿಲ್ಲ, ಹಾಗಾಗಿ ಕಿಟಕಿಗೆ ಕೆಂಪು ಬಣ್ಣ. ನಾವು ಬಳಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪೂ ತಟ್ಟುತ್ತದೆ. 120 ಫಿಲ್ಮನ್ನು ಕಾಪಾಡುತ್ತಿದ್ದದ್ದು ಹಿಂದಿನ ಕಪ್ಪು ಕಾಗದ. ಆ ಕಾಗದವನ್ನು ನಾನೇ ತೆಗೆದುಹಾಕಿದ್ದೆ, ಅದು ಮಾಡುತ್ತಿದ್ದ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ. ಕಿಟಕಿಯ ಮುಚ್ಚಳ ಸಡಿಲವಾಗಿತ್ತು. ಮಬ್ಬಿನಲ್ಲಿ ಅದು ಗೊತ್ತಾಗಲಿಲ್ಲ, ಬಿಸಿಲು ತೋರಿಸಿಕೊಟ್ಟಿತು.

ಬೆಳಿಗ್ಗೆ ಹೋಗಿ ತಪ್ಪೊಪ್ಪಿಕೊಂಡೆ. ಹೆಡ್ಮಾಸ್ಟರು ಬೈಯಲಿಲ್ಲ. “ಇವತ್ತೇ ತೆಗಿ, ನಾಳೆ ಅರ್ಜಿ ಕಳಿಸಬೇಕು” ಎಂದರು. ಕಿಟಕಿಗೆ ಒಳಗೂ ಹೊರಗೂ ಸೈಕಲ್ ಟ್ಯೂಬಿನ ತುಂಡು ಅಂಟಿಸಿ, ಮೇಲೆ ಕಪ್ಪು ಟೇಪು ಸುತ್ತಿ, 33 ಮಕ್ಕಳದ್ದು ಮತ್ತೆ ತೆಗೆದೆ. ಎಂಟನೇ ತರಗತಿಯ ಒಂದು ಹುಡುಗಿ ಅವತ್ತು ಬಂದಿರಲಿಲ್ಲ. ಬಸ್ಸಿಗೆ ದುಡ್ಡಿರಲಿಲ್ಲವಂತೆ. ಅವಳ ಅರ್ಜಿ ಉಳಿಯಿತು. ಮುಂದಿನ ಕಂತು ಹೋಗುವವರೆಗೆ ಎಂಟು ದಿನ, ದಿನಕ್ಕೆ ಹೋಗಿ ಬರಲು 12 ಕಿಲೋಮೀಟರು, ಆ ಮಳೆಯಲ್ಲಿ ನಡೆದಳು. ನಾಲ್ಕನೇ ದಿನ ತಲೆಗೆ ಕೊಪ್ಪೆ ಹಾಕಿಕೊಂಡು ಅಂಗಡಿಯ ಮುಂದೆ ನಿಂತು, “ಅಣ್ಣಾ, ನನ್ನ ಫೋಟೊ ಬಂತಾ?” ಎಂದಾಗಲೇ ನನಗೆ ವಿಷಯ ಗೊತ್ತಾದದ್ದು. ಅವತ್ತು ಅವಳ ಫೋಟೊ ತೆಗೆದು, ಸಂಜೆ ಅವಳ ಮನೆಗೆ ಹೋಗಿ ಬಸ್ಸಿನ ದುಡ್ಡು ಕೊಡಲು ನೋಡಿದೆ. ಅವಳ ಅಪ್ಪ ಮುಟ್ಟಲಿಲ್ಲ. “ಇರ್ಲಿ ಬಿಡಿ ಫೋಟೊದವ್ರೇ, ಕಾಲಿದೆ, ನಡೀತಾಳೆ” ಎಂದರು. ಕಾಫಿ ಕೊಟ್ಟು ಕಳಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಆ ಹುಡುಗಿ ಇವತ್ತು ಈ ಸಭೆಯಲ್ಲಿ ಕುಳಿತಿದ್ದಾರೆ. ಹೆಸರು ಹೇಳಬಾರದು ಎಂದಿದ್ದಾರೆ, ಹೇಳುವುದಿಲ್ಲ.

ಮಕ್ಕಳೇ, ಒಂದು ವಸ್ತುವನ್ನು ಅದು ಮಾಡಿದ್ದಲ್ಲದ ಕೆಲಸಕ್ಕೆ ಹೊಂದಿಸುವುದು ಒಳ್ಳೆಯ ವಿದ್ಯೆ. ಮಾಡಿ. ಆದರೆ ಒಂದು ಭಾಗ ತೆಗೆಯುವ ಮೊದಲು ಅದು ಏನೇನು ಕೆಲಸ ಮಾಡುತ್ತಿತ್ತು ಎಂದು ಕೇಳಿಕೊಳ್ಳಿ. ಕಪ್ಪು ಕಾಗದಕ್ಕೆ ಎರಡು ಕೆಲಸವಿತ್ತು, ಅಂಕಿ ತೋರಿಸುವುದು ಮತ್ತು ಬೆಳಕು ತಡೆಯುವುದು. ನಾನು ಮೊದಲನೆಯದಕ್ಕೆ ಮಾತ್ರ ಪರಿಹಾರ ಹುಡುಕಿದ್ದೆ. ಮತ್ತೆ, ಪರೀಕ್ಷೆಯನ್ನು ಸುಲಭದ ಬೆಳಕಿನಲ್ಲಿ ಮಾಡಬೇಡಿ. ನಿಮ್ಮ ತಪ್ಪಿಗೆ ಬೇರೆಯವರು ನಡೆಯಬೇಕಾಗುತ್ತದೆ.

ಆಮೇಲೆ ಈ ಕ್ಯಾಮೆರಾ ಕೈಕೊಡಲಿಲ್ಲ. ತೊಂಬತ್ತರ ದಶಕದಲ್ಲಿ ಕಲರ್ ಬರುವವರೆಗೆ ಏಳು ಡಬ್ಬಿ ಫಿಲ್ಮು ಮುಗಿಸಿದೆ. ಅಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಮುಖಗಳು. ಹೆಚ್ಚಿನವು ಈ ಶಾಲೆಯವು. ನಿಮ್ಮಲ್ಲಿ ಅನೇಕರ ಬಾಲ್ಯದ ಒಂದೇ ಫೋಟೊ ಅದು, ಪಾಸಿನ ಜೊತೆ ಅದೂ ಹರಿದುಹೋಗಿರಬಹುದು. ನೆಗೆಟಿವ್ ನನ್ನ ಹತ್ತಿರ ಇವೆ. ರೋಲಿನ ನಂಬರು ಬರೆದ ನೋಟ್ ಪುಸ್ತಕವೂ ಇದೆ. ಆದರೆ ನಮ್ಮ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯುತ್ತಿದೆ, ಕೆಲವು ಡಬ್ಬಿ ತೆರೆದರೆ ವಿನೆಗರ್ ವಾಸನೆ. ಆ ವಾಸನೆ ಬಂದರೆ ಫಿಲ್ಮು ಸಾಯಲು ಶುರುವಾಗಿದೆ ಎಂದೇ ಅರ್ಥ.

ಇವತ್ತು ಈ ಕ್ಯಾಮೆರಾವನ್ನು, ಮರದ ಬುಷ್, ತಗಡಿನ ಚೌಕಟ್ಟು, ಮೇಷ್ಟ್ರ ಕೋಷ್ಟಕದ ಸಮೇತ ಶಾಲೆಯ ವಿಜ್ಞಾನ ಕೊಠಡಿಗೆ ಕೊಡುತ್ತಿದ್ದೇನೆ. ನೆಗೆಟಿವ್‌ಗಳನ್ನೂ ತಂದಿದ್ದೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ಕಂಪ್ಯೂಟರ್ ಕೆಲಸ ಬಲ್ಲವರು ಸ್ಕ್ಯಾನ್ ಮಾಡಿಕೊಡಿ. ಉಳಿದವರು ಬಂದು ಮುಖ ಗುರುತು ಹಿಡಿದು ಹೆಸರು ಬರೆಸಿ. ಮುಂದಿನ ಮಳೆಗಾಲದೊಳಗೆ ಮುಗಿಸೋಣ. ಮಚ್ಚೆ ಬಿದ್ದ ಆ 34ರ ಪಟ್ಟಿಯನ್ನೂ ನಾನು ಎಸೆದಿಲ್ಲ, ಅದೂ ಡಬ್ಬಿಯಲ್ಲಿದೆ.