ಹಳೆಯ ಲ್ಯಾಪ್‌ಟಾಪಿಗೆ ಬೇರೆ ಪ್ರೊಸೆಸರ್



ಹತ್ತು ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪುಗಳು ಇಂದು ಎಷ್ಟೋ ಮನೆಗಳಲ್ಲಿವೆ. ಅಣ್ಣನೋ ಅಕ್ಕನೋ ಇಂಜಿನಿಯರಿಂಗ್ ಓದುವಾಗ ಕೊಂಡದ್ದು ತಮ್ಮನ ಪಾಲಿಗೆ ಬಂದಿರುತ್ತದೆ. ಇಲ್ಲವೇ ಯಾವುದೋ ಕಚೇರಿ ಬಳಸಿ ಬಿಟ್ಟದ್ದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕಡಿಮೆ ಬೆಲೆಗೆ ತಂದಿರುತ್ತಾರೆ. ಯಂತ್ರ ಗಟ್ಟಿಯಾಗಿದೆ, ಕೀಲಿಮಣೆ ಚೆನ್ನಾಗಿದೆ, ಆದರೆ ಬಹಳ ನಿಧಾನ. ಆಗ ಬಲ್ಲವರೊಬ್ಬರು ಹೇಳುತ್ತಾರೆ: "ಪ್ರೊಸೆಸರ್ ಬದಲಾಯಿಸಿಬಿಡು, ಹೊಸದರ ಹಾಗೆ ಓಡುತ್ತೆ." ಈ ಮಾತನ್ನು ಪರೀಕ್ಷಿಸದೆ ನಂಬಿದರೆ ಮನೆಯವರ ಹಣ ಹೋಗುತ್ತದೆ, ಕೆಲವೊಮ್ಮೆ ಇದ್ದ ಯಂತ್ರವೂ ಹೋಗುತ್ತದೆ. ಪರೀಕ್ಷಿಸುವುದು ಹೇಗೆ ಎಂಬುದೇ ಇಂದಿನ ವಿಷಯ.

ಪ್ರೊಸೆಸರನ್ನು ಕಂಪ್ಯೂಟರಿನ ಮಿದುಳು ಎಂದು ಪಠ್ಯಪುಸ್ತಕಗಳು ಕರೆಯುತ್ತವೆ. ನನಗೆ ಮದುವೆ ಮನೆಯ ಅಡುಗೆಯವರ ಹೋಲಿಕೆ ಹೆಚ್ಚು ಹಿಡಿಸುತ್ತದೆ. ಅಡುಗೆ ಭಟ್ಟರೇ ಪ್ರೊಸೆಸರ್. ಅವರ ಎದುರಿನ ಕಟ್ಟೆಯೇ ರ‍್ಯಾಮ್. ಸಾಮಾನು ತುಂಬಿದ ಉಗ್ರಾಣವೇ ಹಾರ್ಡ್ ಡಿಸ್ಕ್. ಊಟ ತಡವಾಯಿತೆಂದರೆ ಭಟ್ಟರೇ ನಿಧಾನ ಎಂದು ಹೇಳಿಬಿಡಲಾಗದು. ಉಗ್ರಾಣ ದೂರವಿದ್ದು, ಒಬ್ಬನೇ ಹುಡುಗ ಒಂದೊಂದೇ ಡಬ್ಬಿ ತರುತ್ತಿದ್ದರೆ ಭಟ್ಟರು ಸೌಟು ಹಿಡಿದು ಸುಮ್ಮನೆ ನಿಂತಿರುತ್ತಾರೆ. ಅಂಥ ಕಡೆ ಇನ್ನಿಬ್ಬರು ಭಟ್ಟರನ್ನು ಕರೆಸಿದರೆ ಸುಮ್ಮನೆ ನಿಲ್ಲುವವರು ನಾಲ್ವರಾಗುತ್ತಾರೆ, ಅಷ್ಟೆ.

ಇದನ್ನೇ ಅಂಕಿಗಳಲ್ಲಿ ನೋಡೋಣ. ಲ್ಯಾಪ್‌ಟಾಪ್ ಆನ್ ಆಗಿ ಕೆಲಸಕ್ಕೆ ಸಿದ್ಧವಾಗಲು 100 ಸೆಕೆಂಡು ಹಿಡಿಯುತ್ತದೆ ಎನ್ನಿ. ಅದರಲ್ಲಿ 80 ಸೆಕೆಂಡು ಹಾರ್ಡ್ ಡಿಸ್ಕಿಗಾಗಿ ಕಾಯುವುದು, 20 ಸೆಕೆಂಡು ಮಾತ್ರ ಪ್ರೊಸೆಸರ್ ಕೆಲಸ. ಪ್ರೊಸೆಸರಿನ ವೇಗ ಎರಡರಷ್ಟಾದರೆ 20 ಹೋಗಿ 10 ಆಗುತ್ತದೆ. ಒಟ್ಟು 90 ಸೆಕೆಂಡು. ಪ್ರೊಸೆಸರನ್ನು ಮುಟ್ಟದೆ, ಡಿಸ್ಕಿನ ಬದಲು ಹತ್ತು ಪಟ್ಟು ವೇಗದ ಎಸ್‌ಎಸ್‌ಡಿ ಹಾಕಿದರೆ 80 ಹೋಗಿ 8 ಆಗುತ್ತದೆ. ಒಟ್ಟು 28 ಸೆಕೆಂಡು. ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿದರೂ ಒಟ್ಟು ಲಾಭ ಆ ಭಾಗದ ಪಾಲಿಗಿಂತ ಹೆಚ್ಚಾಗದು. ಜೀನ್ ಅಮ್ಡಾಲ್ 1967ರಲ್ಲಿ ಮಂಡಿಸಿದ ವಾದದಿಂದ ಬಂದ ಈ ನಿಯಮಕ್ಕೆ ಅವರ ಹೆಸರೇ ನಿಂತಿದೆ. ಸರಳ ಭಿನ್ನರಾಶಿ ಬಲ್ಲ ಯಾರಿಗೂ ಇದು ಅರ್ಥವಾಗುತ್ತದೆ.

ಹಾಗಾದರೆ ನಿಮ್ಮ ಯಂತ್ರದಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದಾರೆ? ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನಿಮಗೆ ಬೇಸರ ತರಿಸುವ ಕೆಲಸವನ್ನೇ ಶುರುಮಾಡಿ ಅಲ್ಲಿನ ಅಂಕಿಗಳನ್ನು ನೋಡಿ. ಡಿಸ್ಕ್ 100 ಪ್ರತಿಶತ ಮುಟ್ಟಿ, ಸಿಪಿಯು 15-20ರಲ್ಲೇ ಇದ್ದರೆ ತಪ್ಪಿತಸ್ಥ ಡಿಸ್ಕು. ಮೆಮೊರಿ 90 ದಾಟಿದ್ದರೆ ರ‍್ಯಾಮ್ ಸಾಲದು. ಕಟ್ಟೆ ಚಿಕ್ಕದಾಗಿ ಪಾತ್ರೆಗಳನ್ನು ಮತ್ತೆ ಮತ್ತೆ ಉಗ್ರಾಣಕ್ಕೆ ಸಾಗಿಸುತ್ತಿದ್ದಾರೆ ಎಂದರ್ಥ. ಸಿಪಿಯು ನಿಮಿಷಗಟ್ಟಲೆ 100ರಲ್ಲೇ ನಿಂತರೆ ಮಾತ್ರ ಪ್ರೊಸೆಸರಿನ ಮಾತೆತ್ತಬಹುದು. ಆಗಲೂ ಮೊದಲು ಫ್ಯಾನಿನ ಧೂಳು ತೆಗೆಸಿ. ಶಾಖ ಹೊರಹೋಗದಿದ್ದರೆ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ಇಳಿಸಿಕೊಳ್ಳುತ್ತದೆ. ಅಂಥ ಯಂತ್ರಕ್ಕೆ ಬೇಕಾದದ್ದು ಬ್ರಷ್ಷು, ಹೊಸ ಚಿಪ್ಪಲ್ಲ.

ಪ್ರೊಸೆಸರೇ ಕಾರಣ ಎಂದು ಖಚಿತವಾಯಿತು ಎಂದುಕೊಳ್ಳೋಣ. ಈಗ ಎರಡನೆಯ ಪ್ರಶ್ನೆ: ಅದು ಕೈಗೆ ಬರುತ್ತದೆಯೇ? ಇಂದಿನ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನು ಮದರ್‌ಬೋರ್ಡಿಗೆ ನೇರವಾಗಿ ಬೆಸುಗೆ ಹಾಕಿರುತ್ತಾರೆ. ಸಾಕೆಟ್ ಇಲ್ಲದಿದ್ದರೆ ಕೆಲವು ಮಿಲಿಮೀಟರ್ ದಪ್ಪ ಉಳಿಯುತ್ತದೆ, ತಯಾರಿಕೆಯ ಖರ್ಚೂ ಉಳಿಯುತ್ತದೆ. ಕಳೆದುಕೊಂಡವರು ನಾವು, ಬಳಸುವವರು. ಇಂಟೆಲ್ ಕಂಪನಿ 2013ರಲ್ಲಿ ತಂದ ನಾಲ್ಕನೆಯ ತಲೆಮಾರಿನ, ಹ್ಯಾಸ್‌ವೆಲ್ ಎಂಬ ಹೆಸರಿನ ಚಿಪ್ಪುಗಳೇ ಲ್ಯಾಪ್‌ಟಾಪಿಗೆಂದು ಮಾಡಿದ, ಸಾಕೆಟ್ಟಿನಲ್ಲಿ ಕೂರುವ ಕೊನೆಯವು. ಅವುಗಳಲ್ಲೂ ಎಲ್ಲವೂ ಹಾಗಲ್ಲ. ಮಾದರಿ ಸಂಖ್ಯೆಯ ಕೊನೆಯ ಅಕ್ಷರಗಳನ್ನು ಗಮನಿಸಿ. ಈ ತಲೆಮಾರಿನಲ್ಲಿ ಎಂ ಮತ್ತು ಎಂಕ್ಯು ಇದ್ದರೆ ಸಾಕೆಟ್. ಎಚ್‌ಕ್ಯು ಅಥವಾ ಯು ಇದ್ದರೆ ಬೆಸುಗೆ. ಬೆಸುಗೆ ಹಾಕಿದ್ದನ್ನು ಬಿಸಿಗಾಳಿಯಿಂದ ಎಬ್ಬಿಸಿ ಬೇರೆಯದನ್ನು ಕೂರಿಸಿಕೊಡುವವರಿದ್ದಾರೆ. ಅದು ಕುಶಲಿಗಳ ಕೆಲಸ, ಬೋರ್ಡು ಸುಟ್ಟುಹೋಗುವ ಭಯ ಇದ್ದೇ ಇದೆ. ವಿದ್ಯಾರ್ಥಿಯ ಜೇಬಿಗೆ ಅದು ತಕ್ಕದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರ್ಯಕ್ರಮದಲ್ಲಿ ಬಿಚ್ಚಿ ತೋರಿಸಲು ಆರಿಸಿಕೊಂಡದ್ದು ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ440ಪಿ. ಇದೂ ಅದೇ 2013ರ ಮಾದರಿ, ಸಾಕೆಟ್ ಇರುವಂಥದ್ದು. ಇದರಲ್ಲಿ ಸಾಮಾನ್ಯವಾಗಿ ಇರುವುದು ಐ5-4300ಎಂ ಪ್ರೊಸೆಸರ್: ಎರಡು ಕೋರ್, ಮೂಲ ವೇಗ 2.6 ಗಿಗಾಹರ್ಟ್ಸ್, ಹೆಚ್ಚೆಂದರೆ 3.3. ಇದರ ಜಾಗದಲ್ಲಿ ಕೂರಿಸಬಹುದಾದದ್ದು ಐ7-4702ಎಂಕ್ಯು: ನಾಲ್ಕು ಕೋರ್, ಮೂಲ ವೇಗ 2.2, ಹೆಚ್ಚೆಂದರೆ 3.2. ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. 'ಮೇಲ್ದರ್ಜೆಯ' ಚಿಪ್ಪಿನ ಗರಿಷ್ಠ ವೇಗ ಹಳೆಯದಕ್ಕಿಂತ ಕಡಿಮೆ! ಒಂದೇ ಕೋರ್ ಬಳಸುವ ಕೆಲಸದಲ್ಲಿ ಇದರಿಂದ ಲಾಭವೇನೂ ಕಾಣದು. ಇರುವ ಲಾಭವೆಲ್ಲ ಕೋರುಗಳ ಸಂಖ್ಯೆಯಲ್ಲಿ.

ಆ ಲಾಭ ಎಷ್ಟು? ಅಮ್ಡಾಲ್ ಇಲ್ಲೂ ಬರುತ್ತಾರೆ. ಒಂದೇ ಕೋರಿನಲ್ಲಿ 100 ಸೆಕೆಂಡು ಹಿಡಿಯುವ ಒಂದು ಕೆಲಸದಲ್ಲಿ 90 ಸೆಕೆಂಡಿನಷ್ಟನ್ನು ಹಂಚಿಕೊಂಡು ಮಾಡಬಹುದು, 10 ಸೆಕೆಂಡಿನಷ್ಟನ್ನು ಒಬ್ಬರೇ ಮಾಡಬೇಕು ಎನ್ನಿ. ಎರಡು ಕೋರಿನಲ್ಲಿ 10ಕ್ಕೆ 45 ಸೇರಿ 55 ಸೆಕೆಂಡು. ನಾಲ್ಕರಲ್ಲಿ 10ಕ್ಕೆ 22.5 ಸೇರಿ 32.5. ಒಳ್ಳೆಯ ಲಾಭವೇ. ಆದರೆ ಅರ್ಧದಷ್ಟು ಮಾತ್ರ ಹಂಚಬಹುದಾದರೆ 75 ಸೆಕೆಂಡು 62.5ಕ್ಕೆ ಇಳಿಯುತ್ತದೆ, ಅಷ್ಟೆ. ಕೋರುಗಳ ವೇಗದಲ್ಲಿನ ವ್ಯತ್ಯಾಸವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ವಿಡಿಯೋ ಸಂಕಲನ ಮಾಡಿದ್ದನ್ನು ಹೊರತೆಗೆಯುವುದು, ದೊಡ್ಡ ಪ್ರೋಗ್ರಾಮನ್ನು ಕಂಪೈಲ್ ಮಾಡುವುದು, ಮೂರು ಆಯಾಮದ ಚಿತ್ರಗಳ ರೆಂಡರಿಂಗ್ ಇವು ಮೊದಲ ಬಗೆಯವು. ಪ್ರಾಜೆಕ್ಟ್ ವರದಿ ಟೈಪ್ ಮಾಡಲು, ಪಾಠದ ವಿಡಿಯೋ ನೋಡಲು ನಾಲ್ಕು ಕೋರ್ ಬೇಕಿಲ್ಲ.

ಇನ್ನು ಶಾಖದ ಮಾತು. ನನ್ನ ದೃಷ್ಟಿಯಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದೇ ಸ್ವಾರಸ್ಯದ ಭಾಗ. ಮೇಲೆ ಹೇಳಿದ ಎರಡೂ ಚಿಪ್ಪುಗಳ ನಿಗದಿತ ಶಾಖಮಿತಿ 37 ವ್ಯಾಟ್. ಕೋರ್ ಎರಡರಷ್ಟಾದರೂ ಶಾಖ ಅಷ್ಟೇ ಇರುವುದು ಹೇಗೆ? ಚಿಪ್ಪು ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ಅದರ ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಇರುತ್ತದೆ. ವೇಗ ಇಳಿಸಿದರೆ ವೋಲ್ಟೇಜನ್ನೂ ಇಳಿಸಬಹುದು. ವೋಲ್ಟೇಜನ್ನು ಶೇಕಡಾ 10ರಷ್ಟು ಇಳಿಸಿದರೆ 0.9ರ ವರ್ಗ, ಅಂದರೆ 0.81, ಐದನೆಯ ಒಂದು ಪಾಲು ಅದರಿಂದಲೇ ಉಳಿಯಿತು. ಹೀಗೆ ಒಂದೊಂದು ಕೋರನ್ನೂ ಸ್ವಲ್ಪ ನಿಧಾನವಾಗಿ ಓಡಿಸಿ ಅದೇ ವ್ಯಾಟ್‌ಗಳಲ್ಲಿ ನಾಲ್ಕನ್ನು ಸಾಕುತ್ತಾರೆ. ಇದೇ ಸಾಕೆಟ್ಟಿಗೆ ಐ7-4700ಎಂಕ್ಯು ಎಂಬ 47 ವ್ಯಾಟಿನ ಚಿಪ್ಪೂ ಕೂರುತ್ತದೆ. ಆದರೆ 37 ವ್ಯಾಟಿಗೆ ಮಾಡಿದ ಫ್ಯಾನಿನ ಕೆಳಗೆ ಅದನ್ನು ಇಟ್ಟರೆ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿ ತಾನೇ ವೇಗ ಇಳಿಸಿಕೊಳ್ಳಬಹುದು. ಹೆಚ್ಚಿಗೆ ಕೊಟ್ಟ ಹಣ ಶಾಖವಾಗಿ ಹೋದಂತಾಯಿತು. ನಿಮ್ಮ ಚಾರ್ಜರ್ ಎಷ್ಟು ವ್ಯಾಟಿನದು ಎಂಬುದನ್ನೂ ನೋಡಿಕೊಳ್ಳಿ.

ಬೇರೆ ಮಾದರಿಯ ಲ್ಯಾಪ್‌ಟಾಪ್ ಇರುವವರು ಇನ್ನೊಂದನ್ನು ವಿಚಾರಿಸಬೇಕು. ಸಾಕೆಟ್ಟಿಗೆ ಹೊಂದಿದರೂ ಬಯೋಸ್ ಆ ಚಿಪ್ಪನ್ನು ಗುರುತಿಸದಿದ್ದರೆ ಯಂತ್ರ ಏಳುವುದಿಲ್ಲ. ನಿಮ್ಮ ಮಾದರಿಯನ್ನೇ ಕಂಪನಿ ಯಾವ ಯಾವ ಪ್ರೊಸೆಸರಿನೊಂದಿಗೆ ಮಾರಿತ್ತು ಎಂಬ ಪಟ್ಟಿ ಸಿಗುತ್ತದೆ. ಆ ಪಟ್ಟಿಯಲ್ಲಿ ಇರುವುದನ್ನು ಆರಿಸುವುದು ಎಲ್ಲಕ್ಕಿಂತ ಕ್ಷೇಮ.

ಇಷ್ಟು ಹಳೆಯ ಚಿಪ್ಪುಗಳು ಈಗ ಬಳಸಿದವೇ ಸಿಗುವುದು. ಕೊಳ್ಳುವಾಗ ಚಿಪ್ಪಿನ ಮೇಲಿನ ಬರಹ ಓದಿ. ಮಾರಾಟಕ್ಕೆಂದು ಬಿಟ್ಟ ಈ ತಲೆಮಾರಿನ ಚಿಪ್ಪುಗಳ ಮೇಲೆ 'ಎಸ್‌ಆರ್' ಎಂದು ಶುರುವಾಗುವ ಐದು ಅಕ್ಷರ-ಅಂಕಿಗಳ ಸಂಕೇತವಿರುತ್ತದೆ. ಅದರ ಬದಲು 'ಇಂಟೆಲ್ ಕಾನ್ಫಿಡೆನ್ಷಿಯಲ್' ಎಂದಿದ್ದರೆ ಅದು ಪರೀಕ್ಷೆಗೆಂದು ತಯಾರಿಸಿದ ಮಾದರಿ; ಬಿಡಿ. ತಿರುಗಿಸಿ ಕೆಳಭಾಗವನ್ನೂ ನೋಡಿ. ಒಂಬೈನೂರಕ್ಕೂ ಹೆಚ್ಚು ಸಣ್ಣ ಪಿನ್ನುಗಳಿವೆ. ಒಂದು ಬಾಗಿದ್ದರೂ ಬೇಡ ಎನ್ನಿ.

ಕೆಲಸದ ಕ್ರಮ ಕಷ್ಟದ್ದಲ್ಲ, ಅವಸರ ಮಾತ್ರ ಕೂಡದು. ಕಡತಗಳ ನಕಲನ್ನು ಬೇರೆ ಕಡೆ ಇಟ್ಟುಕೊಳ್ಳಿ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದರೆ ಉಳಿದ ವಿದ್ಯುತ್ತೂ ಹೋಗುತ್ತದೆ. ತೆಗೆದ ಸ್ಕ್ರೂಗಳನ್ನು ಕಾಗದದ ಮೇಲೆ ಚಿತ್ರ ಬರೆದು ಆಯಾ ಜಾಗದಲ್ಲೇ ಇಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡಿಗೆ ಚುಚ್ಚುತ್ತದೆ. ಹೀಟ್ ಸಿಂಕಿನ ಸ್ಕ್ರೂಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಪ್ರೊಸೆಸರ್ ಪಕ್ಕದಲ್ಲಿ ಚಪ್ಪಟೆ ಸ್ಕ್ರೂಡ್ರೈವರಿಗೆ ಒಂದು ತಿರುಪು ಇದೆ. ಅದನ್ನು ತೆರೆದ ಗುರುತಿನ ಕಡೆಗೆ ತಿರುಗಿಸಿದರೆ ಸಾಕೆಟ್ ಹಿಡಿತ ಬಿಡುತ್ತದೆ, ಚಿಪ್ಪನ್ನು ನೇರವಾಗಿ ಮೇಲಕ್ಕೆ ಎತ್ತಬಹುದು. ಹೊಸ ಚಿಪ್ಪಿನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಟ್ಟರೆ ತನ್ನ ಭಾರಕ್ಕೇ ಕೂರಬೇಕು. ಒತ್ತಬೇಡಿ. ಕೂರಲಿಲ್ಲವೆಂದರೆ ದಿಕ್ಕು ತಪ್ಪಿದೆ, ಇಲ್ಲವೇ ಪಿನ್ನು ಬಾಗಿದೆ.

ಹೀಟ್ ಸಿಂಕಿನ ಮೇಲೆ ಒಣಗಿದ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸದನ್ನು ಅಕ್ಕಿಕಾಳಿನಷ್ಟು ಮಾತ್ರ ಹಾಕಿ. ಚಿಪ್ಪು ಮತ್ತು ಹೀಟ್ ಸಿಂಕಿನ ಮೇಲ್ಮೈಗಳ ನಡುವಿನ ಕಣ್ಣಿಗೆ ಕಾಣದ ಸಂದುಗಳಲ್ಲಿ ಗಾಳಿ ನಿಲ್ಲುತ್ತದೆ, ಗಾಳಿ ಶಾಖವನ್ನು ಬಹಳ ಕಡಿಮೆ ಸಾಗಿಸುತ್ತದೆ. ಪೇಸ್ಟಿನ ಕೆಲಸ ಆ ಸಂದು ತುಂಬುವುದು. ದಪ್ಪಗೆ ಬಳಿದರೆ ಅದೇ ಅಡ್ಡಿಯಾಗುತ್ತದೆ, ಏಕೆಂದರೆ ತಾಮ್ರದಷ್ಟು ಚೆನ್ನಾಗಿ ಅದೂ ಶಾಖ ಸಾಗಿಸದು.

ಒಂದು ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್ ಚಿಪ್ಪುಗಳಲ್ಲಿ ಬಹುಮಟ್ಟಿಗೆ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದೇ ಬೇಕು. ನಾಲ್ಕನೆಯ ತಲೆಮಾರಿನ ಐ5 ತೆಗೆದು ಅದೇ ತಲೆಮಾರಿನ ಐ7 ಹಾಕಿದರೆ ಈ ಗೋಡೆ ದಾಟಿದಂತಾಗದು; ಎಂಟನೆಯದು ಈ ಸಾಕೆಟ್ಟಿಗೆ ಹೊಂದುವುದೇ ಇಲ್ಲ. ಇಂಥ ಯಂತ್ರಗಳಿಗೆ ಉಳಿದ ಒಳ್ಳೆಯ ದಾರಿ ಲಿನಕ್ಸ್. ಅದು ಉಚಿತ, ಇದರ ಮೇಲೆ ಸರಾಗವಾಗಿ ಓಡುತ್ತದೆ, ಕನ್ನಡವೂ ಅದರಲ್ಲಿ ಚೆನ್ನಾಗಿ ಮೂಡುತ್ತದೆ.

ಹಾಗಾಗಿ ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್ 8 ಜಿಬಿಗೆ ಏರಿಸುವುದು, ಪ್ರೊಸೆಸರ್ ಕೊನೆಗೆ. ಬದಲಾಯಿಸಿದ್ದಾದರೆ ತೆಗೆದ ಹಳೆಯ ಚಿಪ್ಪನ್ನು ಎಸೆಯಬೇಡಿ. ಪಿನ್ನುಗಳಿಗೆ ಪೆಟ್ಟಾಗದಂತೆ, ಹೊಸದು ಬಂದ ಪೊಟ್ಟಣದಲ್ಲೇ ಅದನ್ನು ಇಡಿ. ಯಂತ್ರ ಏಳದಿದ್ದರೆ ಅದನ್ನೇ ಮತ್ತೆ ಕೂರಿಸಿ ನೋಡಬೇಕು. ಆಗ ಎದ್ದರೆ ದೋಷ ತಂದ ಚಿಪ್ಪಿನದು ಎಂದು ತಿಳಿಯುತ್ತದೆ, ಅಂಗಡಿಯವರಿಗೆ ಹಿಂತಿರುಗಿಸುವಾಗ ಹೇಳಲು ನಿಮ್ಮ ಬಳಿ ಆಧಾರವಿರುತ್ತದೆ.